ಶೆಲ್‌ಬ್ಯಾಕ್ ಮನೆತನ

ಈವತ್ತು ಬೆಳಿಗ್ಗೆ ಕೊರಿಯರಿನವನು ನನ್ನ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸಿ ನನ್ನನ್ನೇ ನನ್ನ ವಿಳಾಸ ಕೇಳಿದ. ಅವನ ಕೈಯಲ್ಲಿ ಬೆಳಗಾವಿಯಿಂದ ಬಂದ ಕನ್ನಡಕದ ಗಾಜಿನ ಡಬ್ಬಿ ಇತ್ತು. ಅದರ ಮೇಲೆ ಮಹಾಂತೇಶ ಹೊಸೂರ ಎಂದು ನನ್ನ ಹೆಸರು, ಅಂಗಡಿಯ ಹೆಸರು, ಓಣಿ, ಬೈಲಹೊಂಗಲ, ಪಿನ್ ಕೋಡು ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ನನ್ನ ತಲೆಯ ಮೇಲಿನ ಬೋರ್ಡಿನಲ್ಲೂ ಅದೇ ಹೆಸರು, ಮಾರುದ್ದದ ಅಕ್ಷರಗಳಲ್ಲಿ. ಅವನು ಡಬ್ಬಿ ನೋಡಿದ, ಬೋರ್ಡು ನೋಡಿದ, ಎರಡರ ಮೇಲೂ ನಂಬಿಕೆ ಬರಲಿಲ್ಲವೇನೋ, ನನ್ನ ಮುಖ ನೋಡಿದ.

"ಸರ, ಇದು ಶೆಲ್‌ಬ್ಯಾಕ್ ಅವರ ಅಂಗಡಿ ಹೌದಲ್ರಿ?"

"ಬೋರ್ಡ್ ಓದಪಾ."

"ಓದೇನ್ರಿ. ಆದ್ರೂ ಒಂದ್ ಮಾತ ಕೇಳಿ ಕೊಡೂದು ಚಲೋ ಅಂತ."

ಹೌದು ಅಂದು ಸಹಿ ಹಾಕಿದೆ. ಬೇರೆ ದಾರಿಯಾದರೂ ಏನಿದೆ ಹೇಳಿ. ಬೋರ್ಡು ಬರೆಸಿದ ದುಡ್ಡು, ಅದಕ್ಕೆ ಹಚ್ಚಿದ ದೀಪ, ವರ್ಷಕ್ಕೊಮ್ಮೆ ಅದರ ಧೂಳು ಒರೆಸುವ ಶ್ರಮ, ಇದ್ಯಾವುದೂ ಈ ಊರಿನಲ್ಲಿ ಲೆಕ್ಕಕ್ಕಿಲ್ಲ. ಕಿತ್ತೂರಿನಿಂದ ಚಾಳೀಸು ಮಾಡಿಸಲು ಬರುವ ಮುದುಕರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಶೆಲ್‌ಬ್ಯಾಕ್ ಅಂಗಡಿ ಎಂದೇ ಕೇಳುತ್ತಾರೆ, ರಿಕ್ಷಾದವರು ನನ್ನ ಬಾಗಿಲಿಗೇ ತಂದು ಇಳಿಸುತ್ತಾರೆ. ವ್ಯಾಪಾರಕ್ಕೇನೋ ಒಳ್ಳೆಯದೇ. ಆದರೆ ನಾನು ಸಮುದ್ರ ನೋಡಿದ್ದು ಆಯುಷ್ಯದಲ್ಲಿ ಒಂದೇ ಸಲ, ಮದುವೆಯ ಹೊಸತರಲ್ಲಿ ಗೋವಾಕ್ಕೆ ಹೋದಾಗ. ಮೊಣಕಾಲವರೆಗೆ ಇಳಿದು, ಪ್ಯಾಂಟು ತೊಯ್ದಿತೆಂದು ಹೆಂಡತಿಯ ಮೇಲೆ ರೇಗಿ, ಹೊರಗೆ ಬಂದು ಚಪ್ಪಲಿಯೊಳಗಿನ ಉಸುಕು ಝಾಡಿಸುತ್ತ ಕುಳಿತವನು. ಅಂಥವನನ್ನು ಹಿಡಿದು, ಹಡಗಿನ ಹಳೆಯ ಹುಲಿಗಳಿಗೆ ಮಾತ್ರ ಸಲ್ಲುವ ಹೆಸರಿನಿಂದ ಐವತ್ತು ದಾಟಿದರೂ ಕರೆಯುತ್ತಾರೆಂದರೆ ಮೈ ಉರಿಯುವುದಿಲ್ಲವೇ?

ನನಗೆ ಉರಿಯುವುದಕ್ಕಿಂತ ಹೆಚ್ಚು ನನ್ನಪ್ಪನಿಗೆ ಉರಿಯುತ್ತದೆ. ಆ ಹೆಸರಿನ ನಿಜವಾದ ಹಕ್ಕುದಾರ ಅವನು. ಈ ವರ್ಷ ನನ್ನ ಮಗಳು ನೇತ್ರಾಳ ಮದುವೆಯಲ್ಲಿ ಇದೇ ಹೆಸರಿನ ಸಲುವಾಗಿ ಅವಳ ಅಜ್ಜನೇ ಮದುವೆಗೆ ಬರುವುದಿಲ್ಲ ಎಂದು ಎದ್ದು ಹೋಗುವವರೆಗೆ ವಿಷಯ ಬೆಳೆದಿತ್ತು. ಅದನ್ನು ಹೇಳಲೆಂದೇ ಕುಳಿತಿದ್ದೇನೆ. ಆದರೆ ಮೊದಲು ನಮ್ಮ ಕಡೆಯ ಅಡ್ಡಹೆಸರಿನ ಹುಚ್ಚು ನಿಮಗೆ ತಿಳಿಯಬೇಕು, ಇಲ್ಲದಿದ್ದರೆ ನಮ್ಮ ಮನೆಯವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ನಮ್ಮಲ್ಲಿ ಮಗುವಿಗೆ ಹೆಸರಿಡುವ ಹಕ್ಕು ತಂದೆತಾಯಿಗೆ ಅರ್ಧ, ಓಣಿಗೆ ಇನ್ನರ್ಧ. ಯಾರದೋ ಮುತ್ತಜ್ಜ ಊರಿಗೆ ಮೊದಲ ಗೋಡೆ ಗಡಿಯಾರ ತಂದ, ಮನೆತನ ಗಡಿಯಾರ ಆಯಿತು. ಇನ್ಯಾರೋ ಬೀಗರ ಮನೆಯ ಊಟದಲ್ಲಿ ಬದನೆಕಾಯಿ ಎಣ್ಣೆಗಾಯಿಯನ್ನು ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡ, ಅವನ ಮರಿಮಕ್ಕಳು ಇವತ್ತಿಗೂ ಬದನಿಕಾಯಿ ಎಂದು ಸಹಿ ಮಾಡುತ್ತಾರೆ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಅಡ್ಡಹೆಸರು ಕೇಳುತ್ತಾರೆ, ಜೊತೆಗೆ ಹೋದ ನೆರೆಮನೆಯವರು ಓಣಿಯ ಹೆಸರು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಗಡಿಯಾರ ಎಂದೋ ನಿಂತು ಗುಜರಿಗೆ ಹೋಗಿದ್ದರೂ ಹೆಸರು ನಡೆದೇ ಇರುತ್ತದೆ. ನಮ್ಮ ಅಸಲು ಅಡ್ಡಹೆಸರು ಹೊಸೂರ. ಅದು ಸಾಲಿಯಲ್ಲಿ, ಬ್ಯಾಂಕಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಹೇಗೋ ಉಳಿದುಕೊಂಡಿದೆ. ಊರಿನ ಬಾಯಲ್ಲಿ ಮಾತ್ರ ಉಳಿದಿಲ್ಲ.

ಅಪ್ಪ ಈರಪ್ಪ ಸಂಗೊಳ್ಳಿಯ ಒಕ್ಕಲುತನದ ಮನೆಯವನು. ಹೊಲ ಅಣ್ಣತಮ್ಮಂದಿರ ಪಾಲಿಗೆ ಸಾಲದು ಎಂದು ಪ್ರಾಯದಲ್ಲೇ ಮರ್ಮಗೋವಾ ಬಂದರಿಗೆ ಹೋದ. ಅದಿರು ತುಂಬುವ ಕೂಲಿಯಿಂದ ಹೇಗೋ ಹಡಗಿಗೇ ಹತ್ತಿಬಿಟ್ಟ. ಡೆಕ್ಕು ತಿಕ್ಕುವವನಾಗಿ ಸೇರಿ, ಡೆಕ್ಕಿನ ಆಳುಗಳ ಮೇಸ್ತ್ರಿಯಾಗಿ ನಿವೃತ್ತನಾದ. ವರ್ಷಕ್ಕೊಮ್ಮೆ ಬೈಲಹೊಂಗಲದ ಮನೆಗೆ ಬರುತ್ತಿದ್ದ. ಬಂದಾಗ ಮನೆಯೆಲ್ಲ ಒಂದು ಥರದ ಎಣ್ಣೆ, ಬಣ್ಣ, ವಿದೇಶಿ ಸಾಬೂನು ಕೂಡಿದ ವಾಸನೆ. ನನಗೆ ಅದೇ ಸಮುದ್ರದ ವಾಸನೆ ಎಂದು ಗಟ್ಟಿಯಾಗಿತ್ತು. ಗೋವಾದಲ್ಲಿ ನಿಜವಾದ ಸಮುದ್ರ ಮೂಸಿದಾಗ ಇದು ಬೇರೆಯದೇ ಏನೋ ಅನಿಸಿ ನಿರಾಶೆಯಾಯಿತು.

ನಾನು ಕನ್ನಡ ಸಾಲಿಯಲ್ಲಿದ್ದಾಗ ಒಂದು ಸಲ ಅಪ್ಪ ಬಂದವನು ಚಹಾದಂಗಡಿಯ ಬಾಂಕಿನ ಮೇಲೆ ಕುಳಿತು, ತನಗೆ ಹಡಗಿನಲ್ಲಿ ಒಂದು ಪದವಿ ಸಿಕ್ಕಿದೆ ಎಂದು ಹೇಳಿದ. ಹೇಳಬಾರದಿತ್ತು. ಹೇಳಿದ ಮೇಲೆ ವಿವರಿಸಬಾರದಿತ್ತು. ನಾನು ಅವನ ಪಕ್ಕದಲ್ಲೇ ಖಾರಿ ಬಿಸ್ಕೀಟು ಚಹಾದಲ್ಲಿ ಅದ್ದಿ ತಿನ್ನುತ್ತ ಕುಳಿತಿದ್ದೆ, ನಮ್ಮ ಮನೆತನದ ಹೆಸರು ನನ್ನ ಕಣ್ಣೆದುರಿಗೇ ಕೈಬಿಟ್ಟು ಹೋಯಿತು.

ಅಪ್ಪ ಹೇಳಿದ್ದು ಇಷ್ಟು. ಭೂಮಿಯ ನಟ್ಟನಡುವೆ ಒಂದು ಗೆರೆ ಇದೆ. ಹಡಗಿನ ಮೇಲೆ ಆ ಗೆರೆಯನ್ನು ದಾಟದವನು ಎಷ್ಟೇ ವರ್ಷ ದುಡಿದಿರಲಿ, ಅವನಿಗೆ ಕಪ್ಪೆಮರಿಯ ಮರ್ಯಾದೆ. ಗೆರೆ ದಾಟುವ ದಿನ ಹಳಬರು ಅವನಿಗೆ ಒಂದು ಶಾಸ್ತ್ರ ಮಾಡುತ್ತಾರೆ. ಅಡುಗೆಯವನು ಹಗ್ಗದ ನಾರಿನ ಗಡ್ಡ ಕಟ್ಟಿ, ಡಬ್ಬಿಯ ತಗಡಿನ ಕಿರೀಟ ಇಟ್ಟು ಸಮುದ್ರರಾಜನಾಗುತ್ತಾನೆ. ಮೈಗೆ ಗ್ರೀಸು, ತತ್ತಿ, ಅಡುಗೆಮನೆಯ ಮುಸುರೆ ಎಲ್ಲ ಬಳಿದು, ಕಟ್ಟಿಗೆಯ ಕತ್ತಿಯಿಂದ ಗಡ್ಡ ಹೆರೆದಂತೆ ಮಾಡಿ, ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ. ಎದ್ದವನು ಶೆಲ್‌ಬ್ಯಾಕ್. ಬೆನ್ನ ಮೇಲೆ ಆಮೆಯ ಹಾಗೆ ಚಿಪ್ಪು ಬೆಳೆಯುವಷ್ಟು ಕಾಲ ನೀರಿನಲ್ಲಿ ಕಳೆದವನು ಎಂದು ಅದರ ಅರ್ಥ. ಆಮೇಲೆ ಯಾವ ದೇಶದ ಹಡಗು ಹತ್ತಲಿ, ಯಾವ ಬಂದರಿನಲ್ಲಿ ಇಳಿಯಲಿ, ಅಲ್ಲಿನ ಹಳಬರು ಅವನನ್ನು ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಾರೆ. ಗೆರೆ ದಾಟಿದವರು ಒಬ್ಬರನ್ನೊಬ್ಬರು ಆ ಹೆಸರಿನಿಂದ ಕರೆಯುತ್ತಾರೆ. ದಾಟದವನಿಗೆ ಕರೆಯಿಸಿಕೊಳ್ಳುವ ಹಕ್ಕಿಲ್ಲ.

ಚಹಾದಂಗಡಿಯಲ್ಲಿ ಕುಳಿತವರೆಲ್ಲ ಹೊಲ ಉಳ್ಳವರು. ಗೆರೆ ಎಂದರೆ ಅವರಿಗೆ ಗೊತ್ತಿರುವುದು ಒಂದೇ, ಹೊಲದ ಗಡಿಯ ಬಾಂದು.

"ಈರಪ್ಪಣ್ಣ, ಅಲ್ಲೇನರ ಬಾಂದಗಲ್ಲ ಹುಗದಾರೇನು?" ಎಂದು ಒಬ್ಬ ಕೇಳಿದ.

"ನೀರಾಗ ಕಲ್ಲ ಹೆಂಗ ಹುಗೀತಾರೋ?"

"ಹಂಗಾರ ದಾಟಿದ್ದು ಹೆಂಗ ಗೊತ್ತಾತು?"

"ಮ್ಯಾಲಿನ ಸಾಹೇಬರು ಲೆಕ್ಕಾ ಹಾಕಿ ಹೇಳತಾರ."

"ಅಂದ್ರ ಸಾಹೇಬ್ರು ಹೇಳಿದ್ರು, ನೀ ನಂಬಿದಿ. ನಮ್ಮ ಹೊಲದ ಸರ್ವೆನೂ ಹಿಂಗ ಆಗಿತ್ತು ನೋಡು."

ಇನ್ನೊಬ್ಬ ಅಂಗಿ ತೆಗೆದು ಬೆನ್ನು ತೋರಿಸು ಎಂದ. ಅಪ್ಪ ಎದ್ದು ಮನೆಗೆ ಬಂದ. ಸಂಜೆಯೊಳಗೆ ಅವನು ಶೆಲ್‌ಬ್ಯಾಕ್ ಈರಪ್ಪ ಆಗಿದ್ದ, ವಾರದೊಳಗೆ ಅವ್ವ ಶೆಲ್‌ಬ್ಯಾಕ್ ಅಕ್ಕ ಆದಳು. ನನ್ನನ್ನು ಶೆಲ್‌ಬ್ಯಾಕ್ ಹುಡುಗ ಎಂದು ಮೊದಲು ಕೂಗಿದ್ದು ಸಾಲಿಯ ಜವಾನ. ಕೊನೆಗೆ ನಮ್ಮ ಎಮ್ಮೆ ಯಾರದೋ ಬಣವೆಗೆ ಬಾಯಿ ಹಾಕಿದಾಗ ಅವರು ಬಾಗಿಲಿಗೆ ಬಂದು ಜಗಳ ತೆಗೆದದ್ದು ಕೂಡ ಶೆಲ್‌ಬ್ಯಾಕ್ ಎಮ್ಮೆಯ ಮೇಲೆ. ಎಮ್ಮೆ ಯಾವ ಗೆರೆ ದಾಟಿತ್ತೆಂದು ಅಪ್ಪ ಒಳಗಿನಿಂದಲೇ ಗುಡುಗಿದ. ನಮ್ಮ ಬೇಲಿ ದಾಟೇತಿ ಎಂದು ಅವರು ಅಷ್ಟೇ ಜೋರಾಗಿ ಹೇಳಿದರು.

ಭೂಗೋಳದ ಮಾಸ್ತರರು ನನ್ನನ್ನು ಬಿಡಲಿಲ್ಲ. ಮೇಜಿನ ಮೇಲೆ ಗೋಲ ಇಟ್ಟು, ಇದೇ ನೋಡು ನಿಮ್ಮಪ್ಪ ದಾಟಿದ್ದು ಎಂದು ನನ್ನ ಬೆರಳನ್ನೇ ಹಿಡಿದು ಗೆರೆಯ ಮೇಲೆ ಎಳೆದರು. ಅದು ಗೋಲದ ಎರಡು ಹೋಳುಗಳನ್ನು ಅಂಟಿಸಿದ ಜಾಗ, ಅಂಟು ಬಿಟ್ಟು ಸ್ವಲ್ಪ ಎದ್ದಿತ್ತು. ಸಮುದ್ರದ ನಡುವೆ ಹೀಗೊಂದು ದಡಿ ಇರುತ್ತದೆ, ಹಡಗು ಅದರ ಮೇಲೆ ಎತ್ತಿನಗಾಡಿಯ ಹಾಗೆ ಗಡಕ್ ಎಂದು ಹತ್ತಿ ಇಳಿಯುತ್ತದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅಪ್ಪನನ್ನು ಕೇಳಿದೆ. ಅವನು ನನ್ನನ್ನು ಸುಮ್ಮನೆ ದಿಟ್ಟಿಸಿ, ನೀನು ಹೊಲಕ್ಕೂ ಆಗುವುದಿಲ್ಲ ಹಡಗಿಗೂ ಆಗುವುದಿಲ್ಲ ಎಂದ. ಕನ್ನಡಕದ ಅಂಗಡಿ ಹಾಕಬೇಕೆಂದು ಆಗಲೇ ಹಣೆಯಲ್ಲಿ ಬರೆದಿತ್ತೇನೋ.

ನಿವೃತ್ತನಾಗಿ ಮನೆಗೇ ಬಂದು ನಿಂತ ಮೇಲೆ ಅಪ್ಪನ ಕಾಟ ಬೇರೆ ಬಗೆಯದು. ಬೆಳಕು ಹರಿಯುವ ಮೊದಲೇ ಅಂಗಳಕ್ಕೆ ನೀರು ಸುರಿದು ಬ್ರಶ್ಶಿನಿಂದ ತಿಕ್ಕಿಸುತ್ತಾನೆ. ಮನೆಯಲ್ಲಿ ಅಲುಗಾಡುವ ಯಾವ ವಸ್ತುವನ್ನೂ ಸಡಿಲ ಬಿಡುವುದಿಲ್ಲ. ಟಿ.ವಿ., ನೀರಿನ ಡ್ರಮ್ಮು, ಹಿಟ್ಟಿನ ಡಬ್ಬಿಗಳು ಎಲ್ಲಕ್ಕೂ ಹಗ್ಗ. ಗ್ಯಾಸ್ ಸಿಲಿಂಡರಿಗೆ ಹಾಕಿದ ಗಂಟನ್ನು ಬಿಚ್ಚಲಾಗದೆ ಗ್ಯಾಸಿನವನು ತುಂಬಿದ ಸಿಲಿಂಡರನ್ನು ವಾಪಸು ಒಯ್ದಿದ್ದಾನೆ. ಮನೆ ಎಲ್ಲಿಗೂ ವಾಲುವುದಿಲ್ಲ ಅಪ್ಪಾ ಎಂದರೆ, ವಾಲಿದ ಮೇಲೆ ಹೇಳಿದರೆ ಏನು ಉಪಯೋಗ ಎನ್ನುತ್ತಾನೆ. ನಮ್ಮ ಸುತ್ತಿನಲ್ಲಿ ನೀರೆಂದರೆ ನವಿಲುತೀರ್ಥದ ಡ್ಯಾಮು. ಮಳೆಗಾಲದಲ್ಲಿ ಅದು ತುಂಬಿ ನಿಂತಾಗ ಊರೂರಿನಿಂದ ಜನ ನೋಡಲು ಬಂದು ದಂಗಾಗುತ್ತಾರೆ. ಒಮ್ಮೆ ಎಲ್ಲರೂ ರೊಟ್ಟಿ ಕಟ್ಟಿಕೊಂಡು ಅಪ್ಪನನ್ನೂ ಕರೆದುಕೊಂಡು ಹೋದೆವು. ಅವನು ಕಟ್ಟೆಯ ಮೇಲೆ ನಿಂತು ಮಲಪ್ರಭೆಯನ್ನು ಮೇಲೆ ಕೆಳಗೆ ನೋಡಿ, ಬಕೆಟ್ ಚಲೋ ಐತಿ ಎಂದು ಹೇಳಿ ರೊಟ್ಟಿ ಬಿಚ್ಚಲು ಕುಳಿತ. ನಮ್ಮ ಖುಷಿಯೆಲ್ಲ ಅಲ್ಲಿಗೆ ಇಳಿದುಹೋಯಿತು.

ಆದರೂ ಅವನ ಸಂಕಟ ನನಗೆ ತಿಳಿಯುವುದಿಲ್ಲ ಎಂದಲ್ಲ. ಜೊತೆಗೆ ದುಡಿದವರು ಒಬ್ಬೊಬ್ಬರಾಗಿ ಹೋಗಿದ್ದಾರೆ. ಮೊದಲು ಫೋನು ಮಾಡುತ್ತಿದ್ದ ರತ್ನಾಗಿರಿಯ ಗೆಳೆಯನೂ ಈಗಿಲ್ಲ. ಗೆರೆ ಎಂದರೆ ಏನೆಂದು ಗೊತ್ತಿದ್ದು ಅವನನ್ನು ಆ ಹೆಸರಿನಿಂದ ಕರೆಯುವವರು ಒಬ್ಬರೂ ಉಳಿದಿಲ್ಲ. ಗೊತ್ತಿಲ್ಲದೆ ಕರೆಯುವವರು ಒಂದು ಊರಷ್ಟಿದ್ದಾರೆ. ತರಕಾರಿಯವಳು ಕರೆದಾಗ, ಹಾಲಿನವನು ಕರೆದಾಗ ಅಪ್ಪ ಮುಖ ಆಚೆ ತಿರುಗಿಸುತ್ತಾನೆ. ನನ್ನನ್ನು ಯಾರಾದರೂ ಅವನೆದುರಿಗೆ ಕರೆದರಂತೂ ಮುಗಿಯಿತು. "ಇಂವಾ ಎಲ್ಲಿ ದಾಟ್ಯಾನು? ಮೊಣಕಾಲಮಟ ಹೋಗಿ ಬಂದಾನ" ಎಂದು ಗಿರಾಕಿಗಳೆದುರೇ ನನ್ನ ಗೋವಾ ಪ್ರವಾಸದ ಕತೆ ತೆಗೆಯುತ್ತಾನೆ. ನನಗೆ ಬೇಡವಾದ ಹೆಸರನ್ನು ನನಗೆ ಕೊಡಲಾರೆನೆಂದು ಅವನು ಜಗಳಾಡುತ್ತಾನೆ, ನಾನು ನಡುವೆ ನಿಂತು ಬೆವರುತ್ತೇನೆ.

ಇನ್ನು ಮದುವೆಯ ವಿಷಯ. ನೇತ್ರಾಳಿಗೆ ಮೊದಲು ಬಂದ ನೆಂಟಸ್ತನ ಯರಗಟ್ಟಿಯದು, ಒಳ್ಳೆಯ ಮನೆತನ. ನಮ್ಮ ಕಡೆ ಹೆಣ್ಣಿನ ಮನೆಗೆ ಬರುವ ಮೊದಲು ಓಣಿಯಲ್ಲಿ ಸದ್ದಿಲ್ಲದೆ ವಿಚಾರಿಸಿ ಹೋಗುವುದು ರೂಢಿ. ಅವರೂ ಬಂದು ಚಹಾದಂಗಡಿಯಲ್ಲಿ ಕುಳಿತು, ಹೊಸೂರ ಮನೆಯವರು ಹೇಗೆ ಎಂದು ಕೇಳಿದರಂತೆ. ಅಲ್ಲಿದ್ದವರು ನಮ್ಮ ಹಿತೈಷಿಗಳೇ, ನನ್ನ ಅಂಗಡಿಯ ಚಾಳೀಸನ್ನೇ ಮೂಗಿನ ಮೇಲೆ ಏರಿಸಿಕೊಂಡವರು. ಅವರು ಬಹಳ ಹೊತ್ತು ವಿಚಾರ ಮಾಡಿ, ಆ ಹೆಸರಿನವರು ಈ ಓಣಿಯಲ್ಲಿ ಯಾರೂ ಇಲ್ಲ, ನಿಮಗೆ ಯಾರೋ ಸುಳ್ಳು ಹೇಳಿದ್ದಾರೆ, ಹುಷಾರಾಗಿರಿ ಎಂದು ಬುದ್ಧಿ ಹೇಳಿ ಕಳಿಸಿದರು. ಯರಗಟ್ಟಿಯವರು ಬಂದ ದಾರಿಯಲ್ಲೇ ಹೋದರು. ನಮಗೆ ಇದು ತಿಳಿಯುವ ಹೊತ್ತಿಗೆ ಆ ಹುಡುಗನಿಗೆ ಬೇರೆ ಕಡೆ ನಿಶ್ಚಯವೂ ಆಗಿತ್ತು. ನಾನು ಚಹಾದಂಗಡಿಗೆ ಹೋಗಿ ಜಗಳ ಮಾಡಿದೆ.

"ಅಲ್ರಿ, ನೀವು ಹೊಸೂರ ಅಂತ ನಮಗ ಹೆಂಗ ಗೊತ್ತಾಗಬೇಕು? ಒಂದ್ ಮಾತ ಮೊದಲ ಹೇಳೂದಲ್ಲೇನು?" ಎಂದು ಅವರು ನನಗೇ ಗದರಿದರು.

ಆಮೇಲೆ ರಾಮದುರ್ಗದ ಹುಡುಗ ಸಿಕ್ಕ. ಹೊಲಗಳಿಗೆ ಸೋಲಾರ್ ಪಂಪು ಕೂಡಿಸುವ ಕೆಲಸ. ಅವರ ಮನೆಗೆ ತಕ್ಕಡಿ ಎಂದು ಅಡ್ಡಹೆಸರು. ಈ ಸಲ ನಾನು ಬೀಗರಿಗೆ ಮೊದಲೇ ಎರಡೂ ಹೆಸರು ಹೇಳಿಟ್ಟೆ, ಮಾತು ಗಟ್ಟಿಯಾಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಅವ್ವ ಸ್ಪಷ್ಟವಾಗಿ ಹೇಳಿದಳು.

"ಬರೇ ಹೊಸೂರ ಅಂತ ಹಾಕಿಸಿದ್ರ ಯಾವ ಮಂದಿನೂ ಬರಂಗಿಲ್ಲ. ಯಾರದೋ ಕಾರ್ಡು ತಪ್ಪಿ ಬಂತು ಅಂತ ಮೂಲಿಗೆ ಒಗೀತಾರ. ಶೆಲ್‌ಬ್ಯಾಕ್ ಮನಿ ಅಂತ ಹಾಕಸು."

ಮಾತು ಸರಿಯೇ. ಪ್ರೆಸ್ಸಿನವರು ಮಾದರಿ ಕಾರ್ಡು ತೆಗೆದು ಕೊಟ್ಟರು. ನನ್ನ ಹೆಸರು ಮಹಾಂತೇಶ ಹೊಸೂರ, ಅದರ ಕೆಳಗೆ ಶೆಲ್‌ಬ್ಯಾಕ್ ಮನೆತನ ಎಂದು ಬಂಗಾರದ ಬಣ್ಣದಲ್ಲಿ. ಅಪ್ಪ ಅದನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ, ಮತ್ತೆ ಹತ್ತಿರ ಹಿಡಿದ.

"ಇದನ್ನ ತಗಸು" ಎಂದ.

"ಅಪ್ಪಾ, ತಗಸಿದ್ರ ಮಂದಿಗೆ ಗುರುತ ಹತ್ತಂಗಿಲ್ಲ."

"ನನ್ನ ಹೆಸರಿನ ಮುಂದ ಹಾಕು, ನಾ ಏನೂ ಅನ್ನಂಗಿಲ್ಲ. ಮನಿ ಅಂತ ಯಾಕ ಹಾಕೀದಿ? ಮನಿ ಗೆರಿ ದಾಟೇತೇನು?"

"ಊರೆಲ್ಲಾ ಹಂಗ ಅಂತಾರಪಾ."

"ಊರಿಗೆ ಗೊತ್ತಿಲ್ಲ, ಅಂತಾರ. ನಿನಗ ಗೊತ್ತಿದ್ದೂ ಅಚ್ಚ ಹಾಕಿಸಾಕತ್ತಿ. ಮೈಮ್ಯಾಲ ಮುಸುರಿ ಸುರುವಿಸಿಕೊಂಡು, ಉಪ್ಪನೀರ ಕುಡದು ಗಳಿಸಿದ್ದು ಅದು. ಹಂಚಿ ತಿನ್ನಾಕ ಹೊಲ ಅಲ್ಲ."

ಯರಗಟ್ಟಿಯ ನೆಂಟಸ್ತನ ತಪ್ಪಿದ ಸಿಟ್ಟು ನನಗೆ ಇನ್ನೂ ಆರಿರಲಿಲ್ಲ. ನಿನ್ನ ಒಂದು ಹೆಸರಿನಿಂದ ನಾವು ಪಟ್ಟದ್ದು ಸಾಕು, ಕಾರ್ಡು ಹೀಗೇ ಅಚ್ಚಾಗುತ್ತದೆ ಎಂದೆ. ಅಪ್ಪ ಕಾರ್ಡನ್ನು ನನ್ನ ಕೈಗೆ ತುರುಕಿ ಎದ್ದ. ಮರುದಿನ ತನ್ನ ಟ್ರಂಕಿಗೆ ತಾನೇ ಹಗ್ಗ ಬಿಗಿದು, ಆ ಹೆಸರು ಬರೆದ ಪೆಂಡಾಲಿನಲ್ಲಿ ತಾನು ನಿಲ್ಲುವುದಿಲ್ಲ ಎಂದು ಅವ್ವನಿಗೆ ಹೇಳಿ, ಸಂಗೊಳ್ಳಿಯ ತಮ್ಮನ ಮನೆಗೆ ಬಸ್ಸು ಹತ್ತಿದ.

ಹೋಗಲಿ ಎಂದು ನಾನೂ ಬಿಗುವಾಗಿದ್ದೆ. ನೇತ್ರಾ ಮಾತ್ರ ದಿನಾ ಫೋನು ಮಾಡುತ್ತಿದ್ದಳು. ಅಪ್ಪ ಫೋನಿನಲ್ಲಿ ಮಳೆಯ ಬಗ್ಗೆ, ಸೋಯಾಬೀನಿನ ಬಗ್ಗೆ ಮಾತಾಡುತ್ತಿದ್ದ. ಅಜ್ಜಾ ಬರ್ತೀಯಲ್ಲ ಎಂದು ಅವಳು ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದ. ಅವಳು ಫೋನು ಮೇಜಿನ ಮೇಲಿಟ್ಟು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ಹುಟ್ಟಿದಾಗ ಹಡಗಿನಿಂದ ಬಂದು ಅವಳನ್ನು ಮೊದಲು ಎತ್ತಿ ಆಡಿಸಿದವನು ಅವನೇ. ಅವನಿಲ್ಲದೆ ಅಕ್ಷತೆ ಬೀಳುವುದಾದರೆ ಈ ಬಂಗಾರದ ಅಕ್ಷರ ಹಾಕಿಸಿ ನಾನು ಗಳಿಸಿದ್ದೇನು ಎಂದು ನನಗೂ ಅನಿಸತೊಡಗಿತು. ಆದರೆ ಕಾರ್ಡು ಅಷ್ಟರಲ್ಲಿ ಸವದತ್ತಿ, ಕಿತ್ತೂರು, ರಾಮದುರ್ಗ ಎಲ್ಲ ಕಡೆ ಹಂಚಿ ಆಗಿತ್ತು. ಊರಿಗೂರಿಗೆ ಹೋಗಿ ಹೆಸರು ಕೆರೆದು ಬರಲಾಗುತ್ತದೆಯೇ?

ಕೊನೆಗೆ ಅವ್ವನೇ ಸಂಗೊಳ್ಳಿಗೆ ಹೇಳಿ ಕಳಿಸಿದಳು. ಪೆಂಡಾಲಿಗೆ ಬರುವುದು ಬಿಡುವುದು ಅವರಿಗೆ ಸೇರಿದ್ದು, ಸುರಗಿ ನೀರಿನ ಹೊತ್ತಿಗೆ ಮನೆಯ ಹಿರಿಯರು ಅಂಗಳದಲ್ಲಿ ಇರಬೇಕು, ಅಷ್ಟೇ.

ಅಪ್ಪ ಬಂದ. ಯಾರನ್ನೂ ಮಾತಾಡಿಸದೆ ಕಟ್ಟೆಯ ಮೂಲೆಯಲ್ಲಿ ಕುಳಿತ, ಟ್ರಂಕು ತಂದಿರಲಿಲ್ಲ. ಮುಗಿದ ಕೂಡಲೇ ಮುಂದಿನ ಬಸ್ಸು ಹಿಡಿಯುವವನ ಹಾಗೆ ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

ಸುರಗಿ ನಿಮ್ಮ ಕಡೆ ಇದೆಯೋ ಇಲ್ಲವೋ. ಅಂಗಳದ ನಡುವೆ ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಸುತ್ತ ಮುತ್ತೈದೆಯರು ಬಿಳಿ ದಾರ ಸುತ್ತುತ್ತಾರೆ. ದಾರದೊಳಗೆ ಮಣೆ ಹಾಕಿ ಮದುಮಗಳನ್ನೂ ಅವಳ ತಾಯಿಯನ್ನೂ ಕೂಡಿಸುತ್ತಾರೆ. ಮೈಗೆಲ್ಲ ಎಣ್ಣೆ, ಅರಿಷಿಣ ಬಳಿದು, ಹಾಡು ಹೇಳುತ್ತ ನೀರು ಸುರಿಯುತ್ತಾರೆ. ಸುರಿಯುವವರಿಗೆ ಕರುಣೆ ಎಂಬುದು ಇರುವುದಿಲ್ಲ. ನೇತ್ರಾಳ ಮೂಗು, ಬಾಯಿ, ಕೂದಲು ಎಲ್ಲ ಹಳದಿಯಾಗಿ, ಅವಳು ಉಸಿರು ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ ಶೋಭಾ ಸಾಕು ಸಾಕು ಎನ್ನುತ್ತಿದ್ದಳು, ಹೆಂಗಸರು ನಕ್ಕು ಮತ್ತೊಂದು ತಂಬಿಗೆ ಸುರಿಯುತ್ತಿದ್ದರು. ನಾನು ಅಕಸ್ಮಾತ್ತಾಗಿ ಕಟ್ಟೆಯ ಕಡೆ ನೋಡಿದೆ. ಅಪ್ಪ ಎದ್ದು ನಿಂತಿದ್ದ. ಚಪ್ಪಲಿ ಬಿಟ್ಟಿದ್ದ.

ಶಾಸ್ತ್ರ ಮುಗಿದು, ಹೆಂಗಸರು ದಾರವನ್ನು ತಲೆಯ ಮೇಲಿಂದ ಎತ್ತಿ ತೆಗೆಯಲು ಹೊರಟರು.

"ಎತ್ತಬ್ಯಾಡ್ರಿ. ಕೆಳಗ ಇಳಸ್ರಿ" ಎಂದ ಅಪ್ಪ. "ಆಕಿ ದಾಟಲಿ."

"ಹಂಗ ಪದ್ಧತಿ ಇಲ್ರಿ ಕಾಕಾ."

"ಇಳಸ್ರಿ ಅಂದ್ನಿ."

ಹೆಂಗಸರು ಅವ್ವನ ಮುಖ ನೋಡಿದರು. ಅವ್ವ ಟಾವೆಲು ಹಿಡಿದು ನಿಂತವಳು, ಇಳಿಸಿರಿ ಎಂಬಂತೆ ತಲೆ ಆಡಿಸಿದಳು. ದಾರ ಮೊಣಕಾಲಿನ ಮಟ್ಟಕ್ಕೆ ಬಂತು. ಅಪ್ಪ ಆಚೆ ಬದಿಗೆ ಹೋಗಿ ನಿಂತ. ನೇತ್ರಾ ಈಚೆ ಬದಿಗೆ ನಡುಗುತ್ತ ನಿಂತಿದ್ದಳು.

"ಹಿಂದ ಏನ ಬಿಡಾಕತ್ತಿ ಗೊತ್ತೈತೇನು?"

"ಗೊತ್ತೈತಜ್ಜಾ."

"ಮುಂದ ಏನೈತಿ ಗೊತ್ತೈತೇನು?"

"ಇಲ್ಲ."

"ಅಂಜಿಕಿ ಐತೇನು?"

ಅವಳು ಒಂದು ಗಳಿಗೆ ತಡೆದಳು. "ಐತಿ" ಎಂದಳು.

"ನನಗೂ ಇತ್ತು. ನನಗೂ ಹಿಂಗ ಕೇಳಿದ್ರು. ಹಂಗಾರ ದಾಟು."

ಅವಳು ದಾರ ದಾಟಿದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಅರಿಷಿಣದ ನೀರು ಸೋರುವ ಆ ಹುಡುಗಿಗೆ ಹಣೆಗೆ ಕೈ ಹಚ್ಚಿ ಸಲಾಮು ಮಾಡಿ, "ಶೆಲ್‌ಬ್ಯಾಕ್" ಎಂದ. ಅವನು ಆ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿತು.

ಆಗ ಅವ್ವ ಮಾತಾಡಿದಳು. ದನಿ ಏರಿಸಲಿಲ್ಲ, ಟಾವೆಲನ್ನು ಮಡಿಚುತ್ತ ಹೇಳಿದಳು.

"ನನಗ ಸವದತ್ಯಾಗ ಸುರಗಿ ನೀರ ಹಾಕಿದ್ರು. ಮೈಮ್ಯಾಲಿನ ಅರಿಷಿಣಾ ಆರೂದರಾಗ ನೀವು ಹಡಗಾ ಹತ್ತಿ ಹ್ವಾದ್ರಿ. ಗೊತ್ತಿಲ್ಲದ ಮನ್ಯಾಗ, ಗೊತ್ತಿಲ್ಲದ ಮಂದ್ಯಾಗ ನಾ ಒಬ್ಬಾಕಿ ಉಳದೆ. ನನಗ ಅಂಜಿಕಿ ಐತೇನು ಅಂತ ಯಾರೂ ಕೇಳಲಿಲ್ಲ."

ಅಪ್ಪ ಅವ್ವನ ಕಡೆ ತಿರುಗಿದ. ಅವಳಿಗೂ ಹಾಗೇ ಹಣೆಗೆ ಕೈ ಹಚ್ಚಿದ. ತುಟಿ ಅಲುಗಿತು, ಆ ಹೆಸರು ಅರ್ಧವೇ ಹೊರಬಂತು. ಓಣಿಯ ಹೆಂಗಸರೆಲ್ಲ ನಿಂತು ನೋಡುತ್ತಿದ್ದರು.

"ಹೂಂ, ಇರಲಿ. ಟಾವೆಲ್ ಹಿಡೀರಿ, ಒಳಗ ಹ್ವಾರೇ ಕೆಲಸ ಭಾಳದಾವ" ಎಂದು ಅವ್ವ ಒಳಗೆ ಹೋದಳು. ಸೆರಗಿನಿಂದ ಮುಖ ಒರೆಸಿಕೊಂಡಿದ್ದನ್ನು ನಾನು ನೋಡಿದೆ.

ಅಪ್ಪ ಸಂಗೊಳ್ಳಿಯ ಬಸ್ಸು ಹಿಡಿಯಲಿಲ್ಲ. ಮರುದಿನ ಪೆಂಡಾಲಿನ ಬಾಗಿಲಿನಲ್ಲಿ ನಿಂತು ಬಂದವರಿಗೆಲ್ಲ ತಾನೇ ಕೈ ಮುಗಿದ. ಕಾರ್ಡಿನ ಮಾತು ತೆಗೆದು ನಾನು ತಪ್ಪಾಯಿತು ಎನ್ನಲು ಹೋದರೆ, "ಇರಲಿ ಬಿಡು. ಮನ್ಯಾಗ ದಾಟಿದವರು ಅದಾರ" ಎಂದ. ಶೋಭಾಳನ್ನೂ ಅವನು ಆ ಲೆಕ್ಕಕ್ಕೆ ಸೇರಿಸಿದ್ದ. ಅವಳು ಕಿತ್ತೂರಿನಿಂದ ಬಂದವಳು. ಇದೇ ಸಮಯ ಎಂದು ನಾನು, ನನ್ನ ಮದುವೆಯಲ್ಲಿ ನನಗೂ ಸುರಗಿ ನೀರು ಹಾಕಿದ್ದರಲ್ಲ ಎಂದು ನೆನಪಿಸಿದೆ. ಏಕೆ ನೆನಪಿಸಿದೆನೋ ನನಗೇ ಗೊತ್ತಿಲ್ಲ. ಜೀವಮಾನವೆಲ್ಲ ಬೇಡ ಬೇಡ ಎಂದ ಹೆಸರು ಅದು.

"ಹಾಕಿದ್ರು" ಎಂದ ಅಪ್ಪ. "ದಾರದಾಗಿಂದ ಎದ್ದು ನೀ ಎಲ್ಲಿಗೆ ಹ್ವಾದಿ? ಅದಽ ಮನಿ, ಅದಽ ಕ್ವಾಣಿ."

ಹೋದ ವಾರ ನೇತ್ರಾ ಮೊದಲ ಸಲ ತವರಿಗೆ ಬಂದಿದ್ದಳು. ರಾಮದುರ್ಗದ ಬಸ್ಸು ತಡವಾಗಿ, ಅಪ್ಪ ಬೆಳಗಿನಿಂದ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದ. ಅವಳು ರಿಕ್ಷಾದಿಂದ ಇಳಿದ ಕೂಡಲೇ ಕುರ್ಚಿ ಬಿಟ್ಟು ಎದ್ದ. "ಬಾ ಶೆಲ್‌ಬ್ಯಾಕ್" ಎಂದ. ಅಲ್ಲಿ ನನ್ನನ್ನು ತಕ್ಕಡಿ ಸೊಸಿ ಅಂತಾರಜ್ಜಾ ಎಂದು ಅವಳು ನಕ್ಕಳು. "ಅನ್ನಲಿ. ಅವರಿಗೇನ ಗೊತ್ತು?" ಎಂದು ಅವಳ ತಲೆಯ ಮೇಲೆ ಕೈ ಇಟ್ಟ. ಅವ್ವ, ಶೋಭಾ ಇಬ್ಬರೂ ಹೊರಗೆ ಬಂದರು. ನಾಲ್ವರೂ ಬಾಗಿಲಲ್ಲೇ ನಿಂತು, ಅತ್ತೆಯ ಮನೆಯ ಒಲೆ ಯಾವ ಕಡೆ ಇದೆ, ಮೊದಲ ರಾತ್ರಿ ನಿದ್ದೆ ಬಂತೋ ಇಲ್ಲವೋ, ಯಾರು ಮೊದಲು ನಗಿಸಿದರು ಎಂದು ಮಾತಿಗೆ ಹತ್ತಿದರು. ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರಿಗೆ ಪೂರ್ತಿ ತಿಳಿಯುತ್ತಿತ್ತು. ನಾನೂ ಏನೋ ಕೇಳಬೇಕೆಂದು ಬಾಯಿ ತೆರೆದೆ, ಏನು ಕೇಳಬೇಕೆಂದು ಹೊಳೆಯಲಿಲ್ಲ.

"ಏ ಮಾಂತೇಶಾ, ನಿಂತ ಏನ ನೋಡತಿ? ಹುಡಗಿ ಚೀಲಾ ಒಳಗ ತಗೊಂಡ ಹೋಗು" ಎಂದ ಅಪ್ಪ.

ಸಿಟ್ಟು ಬಂತು. ಚೀಲ ತಗೊಂಡು ಒಳಗೆ ಹೋದೆ.